ಸಿಡ್ನಿಗೆ ಹನ್ನೊಂದೂವರೆ ಗಂಟೆ

ಬೆಂಗಳೂರಿನಿಂದ ಸಿಡ್ನಿಗೆ ಒಂಬತ್ತು ಸಾವಿರ ಚಿಲ್ಲರೆ ಕಿಲೋಮೀಟರು; ನೇರ ವಿಮಾನದಲ್ಲಿ ಸುಮಾರು ಹನ್ನೊಂದೂವರೆ ಗಂಟೆ. ಇದನ್ನು ನಮ್ಮತ್ತೆಗೆ ಎಷ್ಟು ಸಲ ಹೇಳಿದೆನೋ. ಪ್ರತಿ ಸಲವೂ, "ಅಷ್ಟೇ ಏನು? ದಾವಣಗೆರೆಯಿಂದ ಶ್ರೀಶೈಲಕ್ಕೆ ಬಸ್ಸಿನಾಗೂ ಅಷ್ಟೇ ಹಿಡೀತೈತಿ" ಅನ್ನುತ್ತಿದ್ದರು.

ಅಲ್ಲಿದ್ದದ್ದು ಅವರ ಮಗಳು, ನನ್ನ ನಾದಿನಿ. ಚೊಚ್ಚಲ ಹೆರಿಗೆ, ಶುಕ್ರವಾರ ಮಧ್ಯಾಹ್ನ ಸಿಸೇರಿಯನ್. ಗಂಡ ಜೊತೆಗಿದ್ದ, ನಿಜ. ಆದರೆ ಆಪರೇಷನ್ ಅಂದರೆ ಹೆದರಿ ಸಾಯುವ ಹುಡುಗಿ, ಒಳಗೆ ಹೋಗುವ ಮುಂಚೆ ಅವ್ವ ಎದುರಿಗಿರಬೇಕು ಎಂದು ಹಟ ಹಿಡಿದಿದ್ದಳು. ವೀಸಾ ತಡವಾಗಿ ಬಂದು, ಗುರುವಾರ ಸಂಜೆಯ ವಿಮಾನಕ್ಕೆ ಟಿಕೆಟ್ಟು ಸಿಕ್ಕಿತು.

ಬ್ರೂಕ್‌ಫೀಲ್ಡಿನ ನಮ್ಮ ಮನೆಯಿಂದ ಮಧ್ಯಾಹ್ನ ಎರಡು ಗಂಟೆಗೆ ಹೊರಡಬೇಕು. ಗುರುವಾರ ಆ ಹೊತ್ತು ರಾಹುಕಾಲ. ಅದಕ್ಕೂ ಅತ್ತೆಯ ಬಳಿ ಉಪಾಯವಿತ್ತು. ಬೆಳಿಗ್ಗೆ ಒಳ್ಳೆಯ ಗಳಿಗೆಯಲ್ಲಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆಗಲೇ ಹೊರಟ ಹಾಗೆ. ಆಮೇಲೆ ಮನುಷ್ಯರು ಯಾವಾಗ ಹೊರಟರೂ ದೋಷವಿಲ್ಲ. ವಿಭೂತಿ ಹಚ್ಚಿಕೊಂಡು ಎದುರು ಫ್ಲಾಟಿನ ಹುಡುಗಿಯ ಮನೆಯಲ್ಲಿ ಚೀಲ ಇಟ್ಟು ಬಂದರು. ಅದರಲ್ಲಿ ಹಳೇ ಸೀರೆ ಏನಾದರೂ ಇಟ್ಟಿರುತ್ತಾರೆ ಅಂದುಕೊಂಡಿದ್ದೆ.

ಊಟ ಮುಗಿಸಿ ಪಾಸ್‌ಪೋರ್ಟ್ ಎಲ್ಲಿ ಅಂದರೆ, ಆ ಚೀಲದಲ್ಲಿ! "ಖಾಲಿ ಚೀಲ ಇಟ್ರ ಪ್ರಯಾಣ ಹೊಂಟಂಗ ಆಗತೈತೇನು?" ಎಂದು ನನ್ನನ್ನೇ ಕೇಳಿದರು. ಎದುರು ಮನೆಗೆ ಬೀಗ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಹುಡುಗಿಯನ್ನು ಅವತ್ತೇ ಆಫೀಸಿಗೆ ಕರೆಸಿಕೊಂಡಿದ್ದರು, ಅದೂ ಊರಿನ ಇನ್ನೊಂದು ತುದಿಯ ಎಲೆಕ್ಟ್ರಾನಿಕ್ ಸಿಟಿಗೆ.

"ಅಯ್ಯೋ ಅಕ್ಕಾ, ಮರ್ತೇಬಿಟ್ಟೆ! ಈಗ್ಲೇ ಹೊರಟೆ, ಒಂದು ಗಂಟೇಲಿ ಬಂದ್ಬಿಡ್ತೀನಿ" ಎಂದಳು ಫೋನಿನಲ್ಲಿ.

ಬೀಗ ಒಡೆಸೋಣ ಎಂದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಮಂದಿ ಮನಿ ಬೀಗ ಒಡದು ಬಾಣಂತನಕ್ಕ ಹೋಗೂದ? ಬ್ಯಾಡ. ಆಕಿ ಬರ್ತಾಳ." ನನಗೆ ಮೈಯೆಲ್ಲ ಉರಿಯಿತು. ಸಿಲ್ಕ್ ಬೋರ್ಡು, ಮಾರತಹಳ್ಳಿಯ ಟ್ರಾಫಿಕ್ಕು ದಾಟಿ ಬರುವುದೆಂದರೆ ತಮಾಷೆಯೇ? ಆಕಾಶದಲ್ಲಿ ಎಷ್ಟು ಹೊತ್ತು ಎಂದು ಹೇಳುವವರಿದ್ದಾರೆ. ಆ ರಸ್ತೆಯಲ್ಲಿ ಎಷ್ಟು ಹೊತ್ತು ಎಂದು ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ. ಹುಡುಗಿ ಓಡಿಬಂದು ಬೀಗ ತೆಗೆದಾಗ ವಿಮಾನ ನಿಲ್ದಾಣದಲ್ಲಿ ಕೌಂಟರ್ ಮುಚ್ಚುವ ಹೊತ್ತು. ಬೇರೆ ವಿಮಾನಗಳನ್ನು ಹುಡುಕಿದೆವು. ಯಾವುದೂ ಶನಿವಾರಕ್ಕೆ ಮೊದಲು ಸಿಡ್ನಿ ಮುಟ್ಟುವಂಥದ್ದಲ್ಲ.

ಅತ್ತೆ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತರು. ರಾತ್ರಿ ಊಟ ಮಾಡಿ ಅಂದರೆ ಮಾಡಿದರು, ಮಲಗಿ ಅಂದರೆ ಮಲಗಿದರು.

ಮಾರನೆಯ ಬೆಳಿಗ್ಗೆ, ಅಂದರೆ ಅಲ್ಲಿಯ ಮಧ್ಯಾಹ್ನ, ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ, ನಾದಿನಿ ನನಗೆ ಫೋನು ಮಾಡಿದಳು. ಹೆದರಿಕೆಗೆ ದನಿ ನಡುಗುತ್ತಿತ್ತು.

"ಅತ್ತಿಗೆ, ಅವ್ವಂಗೆ ಏನೂ ಅನ್ಬೇಡಿ. ಬೈಬೇಡಿ."

"ಯಾರೂ ಬೈದಿಲ್ಲ ಕಣೆ" ಎಂದೆ. ಫೋನು ಸ್ಪೀಕರಿನಲ್ಲಿತ್ತು. ಅತ್ತೆ ಅದನ್ನು ನನ್ನ ಕೈಯಿಂದ ಕಿತ್ತು ಕಿವಿಗಿಟ್ಟುಕೊಂಡರು.

"ಬೈಲಿ ಬಿಡವ್ವ. ನಿನ್ನ ಹತ್ರ ಇರಬೇಕಾದಾಕಿ ಇಲ್ಲಿ ಕುಂತೀನಿ" ಎಂದವರು ಜೋರಾಗಿ ಅತ್ತುಬಿಟ್ಟರು.

ಆ ಕಡೆ ಯಾರೋ ಇಂಗ್ಲಿಷಿನಲ್ಲಿ ಹೊತ್ತಾಯಿತು ಎಂದರು. ಫೋನು ಕಟ್ಟಾಯಿತು. ಅತ್ತೆ ಅದನ್ನು ಕಿವಿಯಿಂದ ತೆಗೆಯಲೇ ಇಲ್ಲ. "ಹೆದರಬ್ಯಾಡವ್ವ, ಬಂದೆ, ಬಂದೆ" ಅನ್ನುತ್ತಲೇ ಇದ್ದರು.