ಅಳಿಸಿಹೋದ ಹಡಗುಗಳು

ಅರಬ್ ನಾಡಿನ ಮತ್ರಾ ಎಂಬ ಊರಿನ ಸೂಕು ಪೇಟೆಯ ಬೆಳ್ಳಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಕೊಗ್ಗ ಆಚಾರಿಯ ಕೈಗೆ ಒಳ್ಳೆಯ ಹೆಸರಿತ್ತು. ೨೦೦೪ರ ಚಳಿಗಾಲದಲ್ಲಿ ಸೂರ್ ಎಂಬ ಕಡಲೂರಿನಿಂದ ಲೈಲಾ ಎಂಬ ಮುದುಕಿ ಅವನಲ್ಲಿಗೆ ಒಂದು ಕಪ್ಪುಗಟ್ಟಿದ ನಾಣ್ಯ ತಂದಳು. ಹಾಯಿಹಡಗು ನಡೆಸುತ್ತಿದ್ದ ಅವಳ ಗಂಡ ಅದನ್ನು ಏಡನ್ನಿನ ಪೇಟೆಯಲ್ಲಿ ಕೊಂಡಿದ್ದನಂತೆ. ಅವನು ತೀರಿಹೋಗಿ ಬಹಳ ಕಾಲವಾಗಿತ್ತು.

ರೋಮಿನ ನೀರೋ ದೊರೆಯ ಕಾಲದ್ದು ಎಂದು ಅಂಗಡಿಯ ಸೇಠ್ ಗುರುತಿಸಿದ. ಒಂದು ಬದಿಗೆ ದೊರೆಯ ಮುಖ. ಇನ್ನೊಂದು ಬದಿಗೆ ಒಸ್ಟಿಯಾ ಬಂದರು: ಬಾಗಿದ ಕಟ್ಟೆಗಳು, ನಡುವೆ ಹಡಗುಗಳು, ಕೆಳಗೆ ಒರಗಿ ಕೂತ ಜಲದೇವತೆ. ರೋಮಿನ ಜನರಿಗೆ ಈಜಿಪ್ಟಿನ ಗೋಧಿ ಬಂದಿಳಿಯುತ್ತಿದ್ದ ಆ ಬಂದರಿನಲ್ಲಿ ಆಮೇಲೆ ಹೂಳು ತುಂಬಿ, ಈಗ ಅಲ್ಲಿ ಒಣ ನೆಲವಿದೆ ಎಂದೂ ಹೇಳಿದ.

ಮೊಮ್ಮಗಳ ಮದುವೆಗೆ ಅವಳ ಕೊರಳಿಗೆ ಹಾಕಲು ಲೈಲಾಗೆ ನಾಣ್ಯದ ಸುತ್ತ ಬೆಳ್ಳಿಯ ಕಟ್ಟು ಬೇಕಿತ್ತು. ಗಂಡ ಹೆಂಚು ತರಲು ಮಂಗಳೂರಿಗೆ ಹೋಗುತ್ತಿದ್ದ, ನೀನೂ ಆ ಊರಿನವನು ಎಂದು ನಂಬಿ ನಾಣ್ಯವನ್ನು ಕೊಗ್ಗನ ಕೈಯಲ್ಲಿ ಬಿಟ್ಟುಹೋದಳು.

ತೊಳೆಯಲು ಯಾರೂ ಹೇಳಿರಲಿಲ್ಲ. ಹೊಸ ಬೆಳ್ಳಿಯ ನಡುವೆ ಕಪ್ಪು ಚೆನ್ನಾಗಿ ಕಾಣದೆಂದು ಕೊಗ್ಗನೇ ಅದನ್ನು ಆಸಿಡ್ಡಿಗೆ ಹಾಕಿ ಚಹಾಕ್ಕೆ ಹೋದ. ಬಂದು ತೆಗೆದಾಗ ಕಪ್ಪಿನ ಜೊತೆಗೆ ಹಡಗುಗಳೂ ಕಿತ್ತುಬಂದಿದ್ದವು. ಕೈಯಲ್ಲಿ ಉಳಿದದ್ದು ನುಣ್ಣನೆಯ ಹಿತ್ತಾಳೆ ಬಿಲ್ಲೆ.

ಲೈಲಾ ನಾಣ್ಯ ಒಯ್ಯಲು ಬಂದಾಗ ಅವಳು ಕೇಳುವ ಮೊದಲೇ ಅವನ ಬಾಯಿಂದ ಸುಳ್ಳು ಬಂತು: "ಮೊದಲೇ ಸವೆದಿತ್ತು ಉಮ್ಮಾ. ಚಿತ್ರವನ್ನು ಆ ಕಪ್ಪೇ ಹಿಡಿದಿಟ್ಟಿತ್ತು."

ಅವಳು ಬೆರಳಿನಿಂದ ಸವರಿ ನೋಡಿದಳು. "ನನ್ನದೇ ತಪ್ಪು ಮಗನೇ. ಅವರು ಹೋದ ಮೇಲೆ ದಿನಾ ಉಜ್ಜಿ ಉಜ್ಜಿ ನೋಡುತ್ತಿದ್ದೆ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ಮಾತು ಅನ್ನದ ತುತ್ತಿಗೂ ಅಡ್ಡ ಬಂತು. ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುವುದನ್ನು ನೋಡಿ ಹೆಂಡತಿ ಕುಸುಮ ಅವನ ಬಾಯಿ ಬಿಡಿಸಿದಳು.

"ಹೋಗಿ ಹೇಳಿ ಬನ್ನಿ," ಎಂದಳು. "ಪಾಪ, ಅವರು ತಮ್ಮ ಕೈಯನ್ನೇ ಬೈದುಕೊಂಡು ಕೂತಿರ್ಬಹುದು."

ಶುಕ್ರವಾರ ಅವನು ಸೂರಿಗೆ ಹೋದ. ಲೈಲಾ ಖರ್ಜೂರ, ಕಾವಾ ಎಂಬ ಅರಬ್ ಕಾಫಿ ತಂದಿಟ್ಟಳು. ಅವನು ಅದನ್ನು ಮುಟ್ಟದೆ, ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದ.

"ತೊಳೆದದ್ದಕ್ಕೆ ನಿನ್ನನ್ನು ಏನೂ ಅನ್ನುವುದಿಲ್ಲ," ಎಂದಳು ಲೈಲಾ. "ಆದರೆ ನಾನು ತಪ್ಪು ನನ್ನದೆಂದಾಗ ನೀನು ಸುಮ್ಮನೆ ನಿಂತೆಯಲ್ಲ."

ಕಾವಾ ಕುಡಿದು ಹೋಗು ಎಂದಳು. ಕ್ಷಮಿಸಿದೆ ಎನ್ನಲಿಲ್ಲ, ಬಾಗಿಲವರೆಗೆ ಬರಲೂ ಇಲ್ಲ.

ಮತ್ರಾಕ್ಕೆ ಮರಳುವ ದಾರಿಯುದ್ದಕ್ಕೂ ಕೊಗ್ಗನಿಗೆ ಮನಸ್ಸು ಹಗುರಾಗಲಿಲ್ಲ. ಆದರೂ ಅಂದು ಕುಸುಮ ಬಡಿಸಿದ್ದನ್ನು ಉಂಡ.