ತಲೆಕೆಳಗಾದ ಹಾಳೆಗಳು

ಕಾಲೇಜಿನಲ್ಲಿ ಪಾಠ ಹೇಳುವ ನಮ್ಮ ಅಕ್ಕನನ್ನು ಬೀದಿಯವರು ಈಗಲೂ ‘ಟೀವಿ ಟೀಚರ್’ ಅನ್ನುತ್ತಾರೆ. ನನಗೆ ಮಾತ್ರ ಅವಳೆಂದರೆ ಹಿಟ್ಟಿನ ಅಂಟಿನ ವಾಸನೆ. ಆಗ ಅದಕ್ಕೆ ಮೂಗು ಮುರಿಯುತ್ತಿದ್ದೆ. ಈಗ ಆ ವಾಸನೆಗೆ ಜೀವ ಹಾತೊರೆಯುತ್ತದೆ.

ಇದ್ದದ್ದು ಒಂದೇ ಕೋಣೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಹಳೆಯ ಪತ್ರಿಕೆಗಳಲ್ಲಿ ಚೀಲ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದಳು. ಅವಳು ಹಾಳೆ ಹಾಸಿ ಮಡಚುವಳು, ಎದುರಿಗೆ ಕೂತ ಅಕ್ಕ ಅಂಚಿಗೆ ಅಂಟು ಸವರುವಳು, ಒಣಹಾಕುವ ಕೆಲಸ ನನ್ನದು. ಅಮ್ಮನಿಗೆ ಅಕ್ಷರ ಬಾರದು, ಆದರೆ ಫೋಟೊಗಳಲ್ಲಿನ ಮುಖ ನೋಡುವ ಆಸೆ. ಹಾಗಾಗಿ ಹಾಳೆ ಯಾವಾಗಲೂ ಅವಳ ಕಡೆಗೇ ನೆಟ್ಟಗಿರುತ್ತಿತ್ತು. ಅಕ್ಕನಿಗೋ ಓದುವ ಹುಚ್ಚು. ಕೈ ನಿಂತರೆ ಅಂಟು ಒಣಗುತ್ತದೆ ಎಂದು ಅಮ್ಮ ಮನೆ ತಲೆಮೇಲೆ ಹೊತ್ತುಕೊಳ್ಳುತ್ತಿದ್ದಳು. ಹಾಳೆ ತಿರುಗಿಸಿದರೆ ಸಿಕ್ಕಿಬೀಳುವ ಭಯ. ಅಕ್ಕ ಸದ್ದಿಲ್ಲದೆ ತಲೆಕೆಳಗಾಗಿಯೇ ಓದುವುದನ್ನು ಕಲಿತಳು.

ಶಾಲೆ ಮುಗಿಯಿತು. ಇನ್ನು ಓದಿದ್ದು ಸಾಕು, ದಿನವಿಡೀ ಚೀಲಕ್ಕೆ ಕೂರು ಎಂದಳು ಅಮ್ಮ. ಅಷ್ಟರಲ್ಲಿ ಶಾಲೆಯ ಮೇಷ್ಟ್ರು ಅಕ್ಕನನ್ನು ಟೀವಿಯ ಕ್ವಿಜ್‌ಗೆ ಕರೆದುಕೊಂಡು ಹೋದರು. ಗೆದ್ದವರ ಕಾಲೇಜಿನ ಖರ್ಚು ಪೂರ್ತಿ ಟೀವಿಯವರದೇ. ಇವಳು ಮೊದಲ ಸುತ್ತಿಗೇ ವಾಪಸು ಬರುತ್ತಾಳೆ ಎಂದು ನಾನು ಬೀದಿಯಲ್ಲೆಲ್ಲ ಸಾರಿದ್ದೆ.

ನೇರ ಪ್ರಸಾರ ನೋಡಲು ಬೀದಿಗೆ ಬೀದಿಯೇ ಟೈಲರ್ ಅಂಗಡಿಯಲ್ಲಿ ನೆರೆದಿತ್ತು. ಅಕ್ಕ ಕೊನೆಯ ಪ್ರಶ್ನೆಗೆ ಬಂದೇಬಿಟ್ಟಳು. ನಿರೂಪಕರು ಚೀಟಿಯನ್ನು ಮೇಜಿನ ಮೇಲಿಟ್ಟು ನೀರು ಕುಡಿದರು. ಅಕ್ಕನ ಮುಖ ಬಿಳಿಚಿಕೊಂಡಿತು.

“ಸರ್, ಆ ಚೀಟಿ ಮುಚ್ಚಿ. ಉತ್ತರ ನಂಗೆ ಕಾಣ್ತಿದೆ.”

ಅವರು ನಕ್ಕು, ಚೀಟಿ ನನ್ನ ಕಡೆಗಿದೆಯಲ್ಲಮ್ಮ, ತಲೆಕೆಳಗಾಗಿ ಯಾರು ಓದುತ್ತಾರೆ ಎಂದರು.

“ನಾನು ಓದ್ತೀನಿ ಸರ್. ಮನೇಲಿ ಅಮ್ಮನ ಎದುರು ಕೂತು ಚೀಲ ಅಂಟಿಸ್ತೀನಿ. ಹಾಳೆ ನಂಗೆ ಯಾವಾಗ್ಲೂ ಹೀಗೇ ಸಿಗೋದು.” ಚೀಟಿಯಲ್ಲಿದ್ದದ್ದನ್ನು ಗಡಗಡ ಓದಿಯೂ ತೋರಿಸಿದಳು.

ಟೈಲರ್ ತಲೆಮೇಲೆ ಕೈ ಹೊತ್ತು ಕೂತ. ಬಾಯಿ ಮುಚ್ಚಿಕೊಂಡಿದ್ದರೆ ಕಾಲೇಜು ಸಿಗುತ್ತಿತ್ತಲ್ಲ ಎಂದು ನನಗೂ ಸಿಟ್ಟು ನೆತ್ತಿಗೇರಿತು. ಅಮ್ಮ ಮಾತ್ರ ಟೀವಿಯಿಂದ ಕಣ್ಣು ಕೀಳದೆ ನಿಂತಿದ್ದಳು.

ಹೊಸ ಚೀಟಿ ಬಂತು. ಆಕ್ಟೋಪಸ್‌ಗೆ ಎಷ್ಟು ಹೃದಯ? ಒಮ್ಮೆ ಅಂಟು ಸವರುತ್ತ ಅಕ್ಕ ಇದನ್ನೇ ಹಾಳೆಯಲ್ಲಿ ಓದಿ ನನಗೆ ಪಿಸುಗುಟ್ಟಿದ್ದಳು. ಬುರುಡೆ ಬಿಡಬೇಡ ಅಂದಿದ್ದೆ. ಅವಳು ಕಣ್ಣು ಮುಚ್ಚಿ, ತೆರೆದು, ಮೂರು ಎಂದಳು. ಅಂಗಡಿಯ ಗದ್ದಲದಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ.

ಮರುದಿನ ಊರಿಗೆ ಬಂದ ಅಕ್ಕ ಏನೂ ಆಗಿಲ್ಲವೆಂಬಂತೆ ತನ್ನ ಜಾಗದಲ್ಲಿ ಕೂತು ಅಂಟಿನ ಬಟ್ಟಲು ಎಳೆದುಕೊಂಡಳು. ಅಮ್ಮ ಹಾಳೆ ಹಾಸಿದಳು. ಅದರಲ್ಲಿದ್ದ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಹಾಳೆಯನ್ನು ಮೆಲ್ಲಗೆ ಅಕ್ಕನ ಕಡೆಗೆ ತಿರುಗಿಸಿದಳು.

“ಓದು. ಅಂಟು ಒಣಗಿದ್ರೆ ಮತ್ತೆ ಕಲಸ್ತೀನಿ.”

ಅಕ್ಕ ಹಾಳೆಯ ಮೇಲೆ ಬಾಗಿದಳು. ಕಣ್ಣು ತುಂಬಿಬಂದು, ನೆಟ್ಟಗಿದ್ದ ಆ ಹಾಳೆಯಲ್ಲಿ ಅವಳಿಗೆ ಒಂದಕ್ಷರವೂ ಕಾಣಲಿಲ್ಲ.