ಪಂಚನಾಮೆಯಲ್ಲಿ ಒಂದು ಬೇವಿನ ಗಿಡ

ಸಕ್ಕರೆ ಕಾಯಿಲೆಗೆ ದಿನಾ ನಡೆಯಬೇಕೆಂದು ಡಾಕ್ಟರ ಅಪ್ಪಣೆ. ಹೀಗಾಗಿ ಡೋಣಿ ನದಿಯ ದಂಡೆಯ ಹೊಸ ಉದ್ಯಾನಕ್ಕೆ ಹೋಗುತ್ತೇನೆ. ಮಾಲಿ ಹುಲ್ಲಿಗೆ ನೀರು ಬಿಟ್ಟಾಗ ಕೆಳಗಿನ ಎರೆಮಣ್ಣಿನ ವಾಸನೆ ಏಳುತ್ತದೆ. ಎಲ್ಲರಿಗೂ ಹಿತ, ನಾನು ಮಾತ್ರ ಬೇಗ ಬೇಗ ದಾಟಿ ಹೋಗುತ್ತೇನೆ.

ಈ ನೆಲ ಅಳೆದವನು ನಾನೇ. ಮೂವತ್ತು ವರ್ಷ ಸರ್ವೇ ಮಾಡಿದವನು. ಮದುವೆಮನೆಗೆ ಹೋದರೂ ಚಪ್ಪರದ ಉದ್ದಗಲ ಕಣ್ಣಲ್ಲೇ ಅಳೆಯುವ ಚಟ; ಹೆಂಡತಿ ಇವತ್ತಿಗೂ ಬೈಯುತ್ತಾಳೆ. ಗೇಣು ತಪ್ಪುವವನಲ್ಲ ಎಂಬ ಜಂಬ ಬೇರೆ.

ಉದ್ಯಾನಕ್ಕೆಂದು ಸರ್ಕಾರ ತೆಗೆದುಕೊಂಡ ಹೊಲಗಳಲ್ಲಿ ಗಂಗವ್ವನದೂ ಒಂದು ಸಣ್ಣ ಪಟ್ಟಿ. ಅಳತೆಯ ದಿನ ಆಕೆ ಜಗಳವಾಡಲಿಲ್ಲ. ನನ್ನನ್ನು ಬೇವಿನ ಗಿಡದ ಹತ್ತಿರ ಕರೆದುಕೊಂಡು ಹೋದಳು.

"ಸಾಹೇಬ್ರ, ಹೊಲಾ ತಗೋರಿ. ಇದರ ಬುಡಕ ನನ್ನ ಮಗಳದಾಳ. ಏಳು ವರ್ಷದಾಕಿ. ಎಳ್ಳ ಅಮಾಸಿಗೆ ಮೊದಲ ಚರಗ ಇಲ್ಲೇ ಚೆಲ್ತೀವಿ. ಇಷ್ಟ ಜಾಗಾ ಬಿಡಬೇಕಂತ ಬರಕೋರಿ."

ಅಮಾವಾಸ್ಯೆಯಂದು ಬುತ್ತಿ ಒಯ್ದು ಹೊಲಕ್ಕೆ ಉಣಿಸುವ ಆ ಚರಗ ನನಗೆ ಗೊತ್ತಿಲ್ಲದ್ದಲ್ಲ, ನನ್ನಪ್ಪನೂ ಚೆಲ್ಲಿದವನೇ. ಆದರೆ ಕೈಯಲ್ಲಿದ್ದ ಪಂಚನಾಮೆಯ ಹಾಳೆಯಲ್ಲಿ ಬಾವಿ, ಪೈಪು, ಶೆಡ್ಡು, ಗಿಡ, ಇಷ್ಟಕ್ಕೇ ಕಾಲಂ. ಗೋರಿ ಎಂದು ಬರೆದರೆ ಕಡತ ವಾಪಸ್ ಬರುತ್ತದೆ, ಮತ್ತೆ ಅಳತೆ, ಮತ್ತೆ ಬಿಸಿಲು. "ಬೇವಿನ ಗಿಡ, ಒಂದು" ಎಂದು ಬರೆದೆ.

"ಬರದ್ರ್ಯಾ?" ಎಂದಳು.

"ಬರದೇನಿ ಯವ್ವಾ."

ಆ ಮಾತು ನಂಬಿ ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದಳು. ಮಳೆಗಾಲ ಮುಗಿದ ಮೇಲೆ ಜೆಸಿಬಿ ಬಂತು. ಗಿಡದ ಜೊತೆ ಅದರ ಬುಡವೂ ಹೋಯಿತು. ನನಗೆ ಅಷ್ಟರಲ್ಲಿ ತಿಕೋಟಾಕ್ಕೆ ವರ್ಗವಾಗಿತ್ತು. ಸುದ್ದಿ ಕೇಳಿ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಸೇರಿತು. ನನಗೆ ಹೆಚ್ಚು ನಾಚಿಕೆ ಅದರದ್ದೇ.

ನಿವೃತ್ತನಾಗಿ ಬಬಲೇಶ್ವರಕ್ಕೆ ಮರಳಿದೆ. ಈ ಸಲದ ಎಳ್ಳ ಅಮಾವಾಸ್ಯೆಯಂದು ಗಂಗವ್ವ ಬುತ್ತಿಯ ಬುಟ್ಟಿ ಹೊತ್ತು ಉದ್ಯಾನದಲ್ಲಿ ಸುತ್ತುತ್ತಿದ್ದಳು. ನನ್ನನ್ನು ಕಂಡದ್ದೇ ಅವಳ ಮುಖ ಅರಳಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಸಾಹೇಬ್ರ, ಗುರ್ತಾ ಹತ್ತವಲ್ದು. ಅಳದವ್ರು ನೀವು. ಎಲ್ಲೈತಿ, ತೋರಸ್ರಿ."

ಗಿಡ ಇದೆಯೆಂದು ಬರೆದಿದ್ದೆನೇ ಹೊರತು ಎಲ್ಲಿದೆಯೆಂದು ಅಳೆದಿರಲಿಲ್ಲ. ಆದರೂ ಹುಲ್ಲಿನ ಮೇಲೆ ಹೆಜ್ಜೆ ಎಣಿಸಿದಂತೆ ಮಾಡಿ ಒಂದು ಕಡೆ ನಿಂತೆ. "ಇಲ್ಲೇ ಯವ್ವಾ."

ಆಕೆ ಅಲ್ಲೇ ಕೂತು, ಕೈ ಮುಗಿದು, ಚರಗ ಚೆಲ್ಲಿದಳು. ಆಮೇಲೆ ಒಂದು ಶೇಂಗಾ ಹೋಳಿಗೆ ನನ್ನ ಕೈಗಿಟ್ಟು, "ತಿನ್ರಿ, ಅಕಿ ಹೆಸರಿಂದು" ಎಂದಳು. ತಿಂದೆ.

ಈಗಲೂ ನಡೆಯುತ್ತೇನೆ, ಸಿಮೆಂಟಿನ ದಾರಿಯ ಮೇಲೆ ಮಾತ್ರ. ಹುಲ್ಲಿಗೆ ಕಾಲಿಡುವುದಿಲ್ಲ. ಆ ಮಗು ಎಲ್ಲಿದೆಯೋ ನನಗೆ ಗೊತ್ತಿಲ್ಲ.